ರಕ್ತದಲ್ಲಿ ಒಂದು ಪಾಠಾಂತರ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವವನು ನಾನು. ಅದರಲ್ಲಿಯೂ ನನ್ನ ಪಾಲಿಗೆ ಬಂದಿರುವುದು ಹಳಗನ್ನಡ ಮತ್ತು ಗ್ರಂಥಸಂಪಾದನ ಶಾಸ್ತ್ರ. ಒಂದೇ ಕಾವ್ಯದ ನಾಲ್ಕಾರು ಓಲೆಗರಿಯ ಪ್ರತಿಗಳನ್ನು ಪಕ್ಕ ಪಕ್ಕದಲ್ಲಿಟ್ಟುಕೊಂಡು, ಲಿಪಿಕಾರ ಎಲ್ಲಿ ಎಡವಿದ, ಎಲ್ಲಿ ಒಂದು ಸಾಲನ್ನು ನುಂಗಿದ, ಎಲ್ಲಿ ಗರಿಗಳೇ ಅದಲುಬದಲಾದುವು ಎಂದು ಹುಡುಕುವುದು ನನ್ನ ಕಸುಬು. ಅಂಥವನು ರಕ್ತದ ಕ್ಯಾನ್ಸರಿಗೆ ಮದ್ದು ಹುಡುಕಿದವರ ಚರಿತ್ರೆಯನ್ನು ಬರೆಯಲು ಹೊರಟಿರುವುದು ಓದುಗರಿಗೆ ಅಧಿಕಪ್ರಸಂಗವೆಂದು ತೋರೀತು. ಆದ್ದರಿಂದ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

೨೦೧೭ರಲ್ಲಿ ನಮ್ಮ ಭಾವನವರಿಗೆ, ಎಂದರೆ ಅಕ್ಕನ ಯಜಮಾನರಿಗೆ, ಮೈಯಲ್ಲಿ ಕಸುವಿಲ್ಲದಂತಾಯಿತು. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ವಯಸ್ಸಿನ ಆಯಾಸವೆಂದು ಮೊದಲು ಎಲ್ಲರೂ ತಿಳಿದೆವು. ಎಡಗಡೆ ಪಕ್ಕೆಲುಬಿನ ಕೆಳಗೆ ಏನೋ ಭಾರವೆಂದರು. ರಕ್ತ ಪರೀಕ್ಷೆ ಮಾಡಿಸಿದಾಗ ಹನ್ನೊಂದು ಸಾವಿರವನ್ನು ಮೀರಬಾರದ ಬಿಳಿಯ ಕಣಗಳ ಲೆಕ್ಕ ಒಂದು ಲಕ್ಷವನ್ನು ದಾಟಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ಇಪ್ಪತ್ತು ವರ್ಷಗಳ ಹಿಂದೆ ಬಂದಿದ್ದರೆ ನಾನು ಬೇರೆ ಮಾತು ಆಡಬೇಕಾಗಿತ್ತು. ಈಗ ದಿನಕ್ಕೊಂದು ಗುಳಿಗೆ. ಊಟವಾದ ಮೇಲೆ, ದೊಡ್ಡ ಲೋಟದ ತುಂಬ ನೀರಿನೊಡನೆ. ಅಷ್ಟೆ" ಎಂದರು. ಕ್ಯಾನ್ಸರಿಗೆ ದಿನಕ್ಕೊಂದು ಗುಳಿಗೆ! ನನಗೆ ನಂಬಿಕೆಯಾಗಲಿಲ್ಲ. ಆದರೆ ಒಂದೆರಡು ತಿಂಗಳಲ್ಲಿಯೇ ಲೆಕ್ಕ ಸರಿಹೋಯಿತು. ಭಾವ ಮತ್ತೆ ಬೆಳಗಿನ ನಡಿಗೆಗೆ ಹೊರಟರು, ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡತೊಡಗಿದರು. ಐದು ವರ್ಷ ಹೀಗೆಯೇ ನಡೆಯಿತು.

೨೦೨೨ರಲ್ಲಿ ಗುಳಿಗೆ ಸೋತಿತು. ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ರಕ್ತದಲ್ಲಿ ರೋಗದ ಅಂಶ ಏರುತ್ತ ಬಂದಿತು. ಡಾಕ್ಟರು ರಕ್ತವನ್ನು ಇನ್ನೊಂದು ಪ್ರಯೋಗಶಾಲೆಗೆ ಕಳುಹಿಸಿ, "ರೋಗದ ಜೀನಿನಲ್ಲಿ ಯಾವುದೋ ಒಂದು ಅಕ್ಷರ ಬದಲಾಗಿರಬೇಕು. ಯಾವುದೆಂದು ಮೂರು ವಾರದಲ್ಲಿ ತಿಳಿಯುತ್ತದೆ. ೩೧೫ನೆಯದು ಒಂದು ಆಗಿರದಿದ್ದರೆ ಸಾಕು, ಅದಾದರೆ ಇಲ್ಲಿ ಸುಲಭವಾಗಿ ಸಿಗುವ ಬೇರೆ ಗುಳಿಗೆಗಳೂ ನಡೆಯುವುದಿಲ್ಲ" ಎಂದರು.

ಅಕ್ಷರ ಎಂಬ ಮಾತು ನನ್ನ ಕಿವಿಯಲ್ಲಿ ನಿಂತುಬಿಟ್ಟಿತು. ಆ ಮೂರು ವಾರ ನಿದ್ದೆ ಬಾರದ ರಾತ್ರಿಗಳಲ್ಲಿ ನಾನು ಓದಿದ್ದು ಈ ಲೇಖನದ ಬಂಡವಾಳ. ಓದುತ್ತ ಹೋದಂತೆ, ಇದು ನನಗೆ ಪರಿಚಯವಿಲ್ಲದ ಶಾಸ್ತ್ರವೇನೂ ಅಲ್ಲ ಎನ್ನಿಸತೊಡಗಿತು.

ಈ ರೋಗಕ್ಕೆ ಲ್ಯುಕೀಮಿಯ, ಎಂದರೆ 'ಬಿಳಿಯ ರಕ್ತ', ಎಂಬರ್ಥದ ಹೆಸರನ್ನು ೧೮೪೭ರಲ್ಲಿ ಇಟ್ಟವನು ಜರ್ಮನಿಯ ರೂಡಾಲ್ಫ್ ವಿರ್ಕೋ. ಎರಡು ವರ್ಷ ಮೊದಲು, ೧೮೪೫ರಲ್ಲಿ, ಬರ್ಲಿನ್ನಿನಲ್ಲಿ ಅವನೂ ಎಡಿನ್‌ಬರೋದಲ್ಲಿ ಜಾನ್ ಹ್ಯೂಸ್ ಬೆನೆಟ್ಟನೂ ಒಬ್ಬರನ್ನೊಬ್ಬರು ಅರಿಯದೆ ರೋಗವನ್ನು ವರ್ಣಿಸಿದ್ದರು. ಯಾರು ಮೊದಲಿಗರೆಂಬ ಜಗಳವೂ ನಡೆಯಿತು. ವಿದ್ವಾಂಸರ ಲೋಕ ಎಲ್ಲ ಕಡೆಯೂ ಒಂದೇ. ಔಷಧವೆಂದು ಕೊಟ್ಟದ್ದು ಪಾಷಾಣ, ಆಮೇಲೆ ಗುಲ್ಮದ ಮೇಲೆ ಕ್ಷಕಿರಣ, ೧೯೫೩ರಿಂದ ಈಚೆಗೆ ಬುಸಲ್ಫಾನ್. ಇವೆಲ್ಲ ಬಿಳಿಯ ಕಣಗಳ ಸಂಖ್ಯೆಯನ್ನು ಇಳಿಸುತ್ತಿದ್ದವು, ರೋಗಿಗೆ ಸುಖವೆನಿಸುತ್ತಿತ್ತು. ಆದರೆ ರೋಗದ ಬೇರು ಎಲ್ಲಿದೆಯೆಂದು ಯಾರಿಗೂ ತಿಳಿದಿರಲಿಲ್ಲವಾದ್ದರಿಂದ ಬೇರನ್ನು ಮುಟ್ಟಿದ ಮದ್ದು ಯಾವುದೂ ಇರಲಿಲ್ಲ. ನಾಲ್ಕೈದು ವರ್ಷದೊಳಗೆ ರೋಗ ಕೆರಳಿ, ಅದರ ಕೊನೆಯ ಹಂತದಲ್ಲಿ ರೋಗಿ ಕೆಲವೇ ತಿಂಗಳಲ್ಲಿ ಕಣ್ಣು ಮುಚ್ಚುತ್ತಿದ್ದ.

ಅದೇ ಕಾಲದಲ್ಲಿ ಇನ್ನೊಂದು ಬಗೆಯ, ಮಕ್ಕಳಿಗೆ ಬರುವ ತೀವ್ರ ರಕ್ತಕ್ಯಾನ್ಸರಿನಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ದುಡಿದ ನಮ್ಮ ನೆರೆನಾಡಿನ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಲೆಡರ್ಲೆ ಪ್ರಯೋಗಶಾಲೆಯಲ್ಲಿ ತಯಾರಿಸಿಕೊಟ್ಟ ಅಮಿನಾಪ್ಟೆರಿನ್ ಎಂಬ ವಸ್ತುವನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಹದಿನಾರು ಮಕ್ಕಳಿಗೆ ಕೊಟ್ಟನು. ಹತ್ತು ಮಕ್ಕಳು ಚೇತರಿಸಿಕೊಂಡರು. ೧೯೪೮ರ ಜೂನ್ ತಿಂಗಳಲ್ಲಿ ಈ ವರದಿ ಪ್ರಕಟವಾಯಿತು. ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ಚೇತರಿಕೆ ತಾತ್ಕಾಲಿಕವೆಂದು ಫಾರ್ಬರನೇ ಬರೆದಿದ್ದ. ಕೆಲವು ತಿಂಗಳಲ್ಲಿ ರೋಗ ಮರಳಿತು. ಮೊದಲು ಬಗ್ಗಿದ ಕಣಗಳು ಈಗ ಅದೇ ಔಷಧಕ್ಕೆ ಬಗ್ಗಲಿಲ್ಲ. ಕ್ಯಾನ್ಸರಿನ ಔಷಧವೂ ಔಷಧಕ್ಕೆ ಎದುರು ನಿಲ್ಲುವ ಕ್ಯಾನ್ಸರೂ ಒಂದೇ ಹೆರಿಗೆಯ ಅವಳಿಗಳು.

ಇನ್ನು ನಮ್ಮ ಕಥೆಯ ಮುಖ್ಯ ಊರಿಗೆ, ಫಿಲಡೆಲ್ಫಿಯಕ್ಕೆ, ಬರೋಣ. ೧೯೫೬ರಲ್ಲಿ ಪೀಟರ್ ನೋವೆಲ್ ಎಂಬ ತರುಣ ವೈದ್ಯ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯಕ್ಕೆ ಬಂದು ರಕ್ತಕ್ಯಾನ್ಸರಿನ ಕಣಗಳನ್ನು ಗಾಜಿನ ಮೇಲೆ ಬೆಳೆಸುತ್ತಿದ್ದನು. ಬಣ್ಣ ಹಾಕುವ ಮೊದಲು ಗಾಜನ್ನು ನಲ್ಲಿಯ ನೀರಿನಲ್ಲಿ ತೊಳೆಯುವುದು ಅವನ ರೂಢಿ. ಇದು ಶಾಸ್ತ್ರೋಕ್ತವೇನೂ ಅಲ್ಲ. ಆದರೆ ಬರಿಯ ನೀರು ತಗುಲಿದ ಕಣಗಳು ಉಬ್ಬಿ, ಒಳಗೆ ಗಂಟಾಗಿದ್ದ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಂಡವು. ವರ್ಣತಂತುಗಳ ವಿಷಯ ನೋವೆಲ್‌ಗೆ ಏನೂ ತಿಳಿಯದು. ಮನುಷ್ಯನಿಗೆ ಅವು ೪೬ ಎಂಬುದೇ ಆ ೧೯೫೬ರಲ್ಲಿ ತಾನೆ ಇತ್ಯರ್ಥವಾಗಿತ್ತು. ಬಲ್ಲವರನ್ನು ಹುಡುಕಿಕೊಂಡು ಹೋದಾಗ ಸಿಕ್ಕಿದವನು, ಅದೇ ಊರಿನಲ್ಲಿ ಮನುಷ್ಯನ ವರ್ಣತಂತುಗಳ ಮೇಲೆ ಪ್ರಬಂಧ ಬರೆಯುತ್ತಿದ್ದ ಡೇವಿಡ್ ಹಂಗರ್‌ಫರ್ಡ್ ಎಂಬ ವಿದ್ಯಾರ್ಥಿ. ಸೂಕ್ಷ್ಮದರ್ಶಕದಲ್ಲಿ ಗಂಟೆಗಟ್ಟಲೆ ಕಣ್ಣಿಟ್ಟು ಕುಳಿತ ಹಂಗರ್‌ಫರ್ಡ್, ಒಂದು ಬಗೆಯ ರೋಗಿಗಳಲ್ಲಿ ಮಾತ್ರ ಒಂದು ವರ್ಣತಂತು ಇರಬೇಕಾದ್ದಕ್ಕಿಂತ ಗಿಡ್ಡವಾಗಿರುವುದನ್ನು ಕಂಡನು. ೧೯೬೦ರಲ್ಲಿ ಇಬ್ಬರೂ ಸೇರಿ ಕೆಲವೇ ಸಾಲುಗಳ ಒಂದು ಟಿಪ್ಪಣಿ ಪ್ರಕಟಿಸಿದರು: ಏಳು ಮಂದಿ ರೋಗಿಗಳು, ಏಳು ಮಂದಿಯಲ್ಲಿಯೂ ಅದೇ ಗಿಡ್ಡ ತಂತು. ಕ್ಯಾನ್ಸರಿಗೂ ಜೀವಕೋಶದ ಗ್ರಂಥದಲ್ಲಿನ ದೋಷಕ್ಕೂ ನೇರ ಸಂಬಂಧವಿದೆ ಎನ್ನಲು ಕಣ್ಣಿಗೆ ಕಾಣುವ ಮೊದಲ ಸಾಕ್ಷ್ಯ ಇದು. ಇದನ್ನು ಫಿಲಡೆಲ್ಫಿಯ ವರ್ಣತಂತು ಎಂದು ಕರೆದವರು ಎಡಿನ್‌ಬರೋದ ವಿದ್ವಾಂಸರು. ಆ ಊರಿನಿಂದ ಇನ್ನೂ ಬರಬಹುದೆಂದು ಮುಂದೆ 'ಒಂದು' ಎಂಬ ಅಂಕಿಯನ್ನೂ ಸೇರಿಸಿದ್ದರು. ಎರಡನೆಯದು ಬರಲಿಲ್ಲ, ಕ್ರಮೇಣ ಅಂಕಿ ಉದುರಿಹೋಯಿತು.

ಗಿಡ್ಡವಾದ ತಂತುವಿನ ಉಳಿದ ತುಂಡು ಎಲ್ಲಿ ಹೋಯಿತು? ಕಳೆದೇ ಹೋಯಿತೆಂದು ಹದಿಮೂರು ವರ್ಷ ನಂಬಿದ್ದರು. ಅದನ್ನು ಹುಡುಕಿಕೊಟ್ಟವರು ಷಿಕಾಗೋದ ಜ್ಯಾನೆಟ್ ರೌಲಿ. ನಾಲ್ಕು ಮಕ್ಕಳ ತಾಯಿ. ಮಕ್ಕಳು ಚಿಕ್ಕವರಾಗಿದ್ದಷ್ಟು ಕಾಲವೂ ವಾರಕ್ಕೆ ಕೆಲವೇ ದಿನ ಕೆಲಸ ಮಾಡಿಕೊಂಡು ಬಂದವರು. ವರ್ಣತಂತುಗಳಿಗೆ ಪಟ್ಟೆ ಪಟ್ಟೆಯಾಗಿ ಬಣ್ಣ ಹಿಡಿಸುವ ಹೊಸ ವಿಧಾನವನ್ನು ಆಕ್ಸ್‌ಫರ್ಡಿನಲ್ಲಿ ಕಲಿತು ಬಂದು, ತೆಗೆದ ಫೋಟೋಗಳನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಕತ್ತರಿಯಿಂದ ಒಂದೊಂದೇ ತಂತುವನ್ನು ಕತ್ತರಿಸಿ ಜೊತೆ ಹೊಂದಿಸುತ್ತಿದ್ದರಂತೆ. ಅಮ್ಮ ಕಾಗದದ ಗೊಂಬೆಯಾಟ ಆಡುತ್ತಾಳೆಂದು ಮಕ್ಕಳ ಹಾಸ್ಯ. ಆ ಗೊಂಬೆಯಾಟದಲ್ಲಿ ಆಕೆಗೆ ಕಂಡದ್ದು: ೨೨ನೆಯ ತಂತುವಿನಿಂದ ಹೋದ ತುಂಡು ೯ನೆಯ ತಂತುವಿನ ತುದಿಗೆ ಅಂಟಿಕೊಂಡಿದೆ. ೧೯೭೩ರಲ್ಲಿ ಇದು ಪ್ರಕಟವಾಯಿತು. ಒಂಬತ್ತು ವರ್ಷಗಳ ಮೇಲೆ, ೯ನೆಯದರ ತುಂಡೂ ೨೨ಕ್ಕೆ ಹೋಗಿದೆಯೆಂದು ಬೇರೆಯವರು ತೋರಿಸಿಕೊಟ್ಟರು.

ಇಲ್ಲಿ ನನಗೆ ನಗೆ ಬಂದಿತು. ಓಲೆಯ ಕಟ್ಟುಗಳನ್ನು ಬಿಚ್ಚಿದವರಿಗೆಲ್ಲ ಇದು ಗೊತ್ತಿರುವ ಅವಾಂತರ. ದಾರ ಹರಿದ ಎರಡು ಕಟ್ಟುಗಳನ್ನು ಯಾರೋ ಮತ್ತೆ ಕಟ್ಟುವಾಗ ಒಂದು ಕೃತಿಯ ಗರಿಗಳು ಇನ್ನೊಂದರ ನಡುವೆ ಸೇರಿಕೊಳ್ಳುತ್ತವೆ. ಪುರಾಣದ ಅರ್ಧ ಪದ್ಯ, ವೈದ್ಯಗ್ರಂಥದ ಅರ್ಧ ಪದ್ಯ ಸೇರಿ ಹೊಸದೊಂದು ಪದ್ಯವೇ ಹುಟ್ಟಿ, ಅದಕ್ಕೂ ಯಾರಾದರೊಬ್ಬರು ಅರ್ಥ ಹೇಳುತ್ತಾರೆ. ಜೀವಕೋಶದಲ್ಲಿಯೂ ಹಾಗೆಯೇ. ೯ನೆಯ ಕಟ್ಟಿನ ಏಬಲ್ ಎಂಬ ಜೀನಿನ ಬಾಲ ೨೨ನೆಯ ಕಟ್ಟಿನ ಬಿ.ಸಿ.ಆರ್. ಎಂಬ ಜೀನಿನ ತಲೆಗೆ ಕೂಡಿ ಒಂದೇ ವಾಕ್ಯವಾಯಿತು. ಪ್ರಕೃತಿ ಅದನ್ನು ತಪ್ಪೆಂದು ತಳ್ಳಲಿಲ್ಲ. ಓದಿ, ಅದರಂತೆ ಒಂದು ಪ್ರೋಟೀನನ್ನೂ ತಯಾರಿಸಿತು.

ಏಬಲ್ ಒಂದು ಕೈನೇಸ್, ಎಂದರೆ ಇತರ ಪ್ರೋಟೀನುಗಳಿಗೆ ರಂಜಕದ ಒಂದು ಮುದ್ರೆಯೊತ್ತಿ 'ಕೆಲಸ ಆರಂಭಿಸು' ಎಂದು ಆಜ್ಞೆ ಕೊಡುವ ಕಿಣ್ವ. ಕೆರೆಯ ತೂಬಿನಂತೆ ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಿಕೊಳ್ಳುವುದು ಅದರ ಧರ್ಮ. ಬಿ.ಸಿ.ಆರ್. ಅಂಟಿಕೊಂಡ ಏಬಲ್ ಮುಚ್ಚಿಕೊಳ್ಳಲಾರದು. 'ಹೆಚ್ಚು, ಹೆಚ್ಚು' ಎಂಬ ಆಜ್ಞೆ ಹಗಲಿರುಳು ಹರಿಯುತ್ತದೆ. ಬಿಳಿಯ ಕಣಗಳು ಹೆಚ್ಚುತ್ತಲೇ ಹೋಗುತ್ತವೆ. ೧೯೯೦ರಲ್ಲಿ ಈ ಬೆಸುಗೆಯ ಜೀನೊಂದನ್ನೇ ಇಲಿಗಳ ಮಜ್ಜೆಯ ಕಣಗಳೊಳಗೆ ಸೇರಿಸಿದಾಗ ಅವಕ್ಕೂ ಇದೇ ರೋಗ ಬಂದಿತು. ಬೇರು ಸಿಕ್ಕಿತು. ಗುರಿ ಇಡಬೇಕಾದ ಜಾಗ ಇಂಥದೇ ಎಂದು ಕ್ಯಾನ್ಸರಿನ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿ ತಿಳಿದದ್ದು ಬಹಳ ಅಪರೂಪ.

ಸ್ವಿಟ್ಸರ್ಲೆಂಡಿನ ಬಾಸೆಲ್‌ನಲ್ಲಿ ಸೀಬಾ-ಗೈಗಿ ಕಂಪನಿಯ ನಿಕೊಲಸ್ ಲೈಡನ್, ಅಲೆಕ್ಸ್ ಮ್ಯಾಟರ್ ಮೊದಲಾದವರು ಕೈನೇಸುಗಳನ್ನು ತಡೆಯುವ ಅಣುಗಳನ್ನು ಹುಡುಕುತ್ತಿದ್ದರು. ದೊಡ್ಡ ಪಂಡಿತರು ಇದನ್ನು ಹುಚ್ಚೆಂದಿದ್ದರು: ಮೈಯಲ್ಲಿ ಕೈನೇಸುಗಳು ನೂರಾರು, ಒಂದರಂತೆ ಇನ್ನೊಂದು, ಒಂದನ್ನೇ ಮುಚ್ಚಿ ಉಳಿದವನ್ನು ಬಿಡುವ ಬಿರಡೆ ಎಲ್ಲಿ ಸಿಕ್ಕೀತು? ಯೂರ್ಗ್ ಝಿಮರ್‌ಮನ್ ಎಂಬ ರಸಾಯನವಿಜ್ಞಾನಿ ಒಂದು ಅಣುವಿಗೆ ಇಲ್ಲೊಂದು ಕೊಂಡಿ, ಅಲ್ಲೊಂದು ಬಾಲ ಸೇರಿಸುತ್ತ ಅಂಥದೊಂದು ಬಿರಡೆಯನ್ನು ತಯಾರಿಸಿದನು. ಕಿಣ್ವಕ್ಕೆ ಕಸುವು ಕೊಡುವ ಎ.ಟಿ.ಪಿ. ಬಂದು ಕೂರುವ ಗೂಡಿನಲ್ಲಿ ಇದೇ ಹೋಗಿ ಕುಳಿತುಬಿಡುತ್ತದೆ. ೧೯೯೩ರಲ್ಲಿ ಆರೆಗನ್ ಪ್ರಾಂತದ ಪೋರ್ಟ್‌ಲೆಂಡಿಗೆ ಹೋಗಿದ್ದ ಬ್ರಯನ್ ಡ್ರೂಕರ್ ಎಂಬ ವೈದ್ಯ ಆ ಅಣುವನ್ನು ತರಿಸಿಕೊಂಡು ರೋಗದ ಕಣಗಳ ಮೇಲೆ ಹಾಕಿ ನೋಡಿದ. ರೋಗದ ಕಣಗಳು ಸತ್ತುವು. ಆರೋಗ್ಯದ ಕಣಗಳು ಉಳಿದುವು. ೧೯೯೬ರಲ್ಲಿ ಇದು ಅಚ್ಚಾಯಿತು.

ಆದರೆ ಆ ೧೯೯೬ರಲ್ಲಿಯೇ ಸೀಬಾ-ಗೈಗಿ ಮತ್ತು ಸ್ಯಾಂಡೋಜ್ ಕಂಪನಿಗಳು ಕೂಡಿ ನೊವಾರ್ಟಿಸ್ ಆದುವು. ಈ ರೋಗದವರು ಅಮೆರಿಕೆಯಲ್ಲಿ ವರ್ಷಕ್ಕೆ ಕೆಲವೇ ಸಾವಿರ ಮಂದಿ. ಇಷ್ಟು ಸಣ್ಣ ಸಂತೆಗೆ ಇಷ್ಟು ದೊಡ್ಡ ಖರ್ಚೇಕೆ ಎಂಬ ಅನುಮಾನ. ನಾಯಿಗಳ ಯಕೃತ್ತಿಗೆ ಕೇಡಾದೀತೆಂಬ ಹೆದರಿಕೆ ಬೇರೆ. ಡ್ರೂಕರ್ ಪಟ್ಟು ಬಿಡಲಿಲ್ಲ. ೧೯೯೮ರ ಜೂನ್ ತಿಂಗಳಲ್ಲಿ ಮೊದಲ ರೋಗಿ ಮೊದಲ ಗುಳಿಗೆ ನುಂಗಿದನು. ಪ್ರಮಾಣವನ್ನು ಮೆಲ್ಲಮೆಲ್ಲಗೆ ಏರಿಸುತ್ತ ಹೋದರು. ದಿನಕ್ಕೆ ೩೦೦ ಮಿಲಿಗ್ರಾಂ ಅಥವಾ ಹೆಚ್ಚು ಪಡೆದ ೫೪ ಮಂದಿಯಲ್ಲಿ ೫೩ ಮಂದಿಯ ರಕ್ತ ಸರಿಹೋಯಿತು. ಔಷಧ ಸಾಲದೆಂದು ರೋಗಿಗಳೇ ೧೯೯೯ರಲ್ಲಿ ಸಹಿ ಸಂಗ್ರಹಿಸಿ ಕಂಪನಿಯ ಮುಖ್ಯಾಧಿಕಾರಿಗೆ ಅರ್ಜಿ ಕಳುಹಿಸಿದರು. ೨೦೦೧ರ ಮೇ ೧೦ರಂದು ಅಮೆರಿಕದ ಸರ್ಕಾರ ಅನುಮತಿ ಕೊಟ್ಟಿತು. ಹೆಸರು ಇಮಾಟಿನಿಬ್; ಅಂಗಡಿಯ ಹೆಸರು ಗ್ಲಿವೆಕ್. ಹಳೆಯ ಬುಸಲ್ಫಾನ್ ಕಣಗಳ ಲೆಕ್ಕವನ್ನು ಇಳಿಸಿದರೂ ಫಿಲಡೆಲ್ಫಿಯ ತಂತುವನ್ನು ಮುಟ್ಟುತ್ತಿರಲಿಲ್ಲ. ಈ ಗುಳಿಗೆ ಅನೇಕರ ಮಜ್ಜೆಯಿಂದ ಆ ತಂತುವನ್ನೇ ಕಾಣದಂತೆ ಮಾಡಿತು. ಮುಂದೆ ೨೦೧೭ರಲ್ಲಿ ಪ್ರಕಟವಾದ ಲೆಕ್ಕದಂತೆ, ಇದನ್ನೇ ಮೊದಲಿನಿಂದ ಪಡೆದವರಲ್ಲಿ ನೂರಕ್ಕೆ ೮೩ ಮಂದಿ ಹತ್ತು ವರ್ಷಗಳ ಮೇಲೂ ಬದುಕಿದ್ದರು. ನಮ್ಮ ಡಾಕ್ಟರು ಹೇಳಿದ 'ಬೇರೆ ಮಾತು' ಯಾವುದಾಗಿತ್ತೆಂದು ಆಗ ನನಗೆ ತಿಳಿಯಿತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದು ಜಯಭೇರಿಯ ಕಥೆ. ಆದರೆ ಜಯಭೇರಿ ಬಾರಿಸುತ್ತಿರುವಾಗಲೇ, ರೋಗ ಕೆರಳಿದ ಕೊನೆಯ ಹಂತದಲ್ಲಿ ಗುಳಿಗೆ ಹಿಡಿದಿದ್ದವರು ಒಂದೆರಡು ತಿಂಗಳು ಎದ್ದು ಓಡಾಡಿ ಮತ್ತೆ ಮಲಗುತ್ತಿದ್ದರು. ಲಾಸ್ ಏಂಜಲೀಸಿನ ಚಾರ್ಲ್ಸ್ ಸಾಯರ್ಸ್ ಇಂಥವರನ್ನು ನೋಡಿಕೊಳ್ಳುತ್ತಿದ್ದ ವೈದ್ಯರಲ್ಲಿ ಒಬ್ಬನು. ಪಂಡಿತರ ಮುಂದೆ ಎರಡು ದಾರಿಗಳಿದ್ದುವು. ರೋಗ ಈಗ ಬೇರೆ ಬೇರುಗಳನ್ನು ಬಿಟ್ಟಿದೆ, ಬಿ.ಸಿ.ಆರ್.-ಏಬಲ್ ಅದಕ್ಕೆ ಬೇಕಾಗಿಯೇ ಇಲ್ಲ, ಆದ್ದರಿಂದ ನಾವು ಹೊಡೆಯುತ್ತಿರುವುದು ಖಾಲಿ ಹುತ್ತವನ್ನು ಎಂಬುದು ಒಂದು. ಹಾಗಾದರೆ ಗುರಿಯಿಟ್ಟು ಹೊಡೆಯುವ ಔಷಧದ ತತ್ತ್ವವೇ ಅಲ್ಲಿಗೆ ಮುಗಿಯಿತು. ಇನ್ನೊಂದು, ಹಾವು ಅದೇ ಹುತ್ತದಲ್ಲಿದೆ, ಕೋಲು ತಾಗದಂತೆ ಸರಿದುಕೊಂಡಿದೆ ಎಂಬುದು.

ಸಾಯರ್ಸನ ಪ್ರಯೋಗಶಾಲೆಯ ಮರ್ಸಿಡಿಸ್ ಗೋರೆ ಎಂಬಾಕೆ ಮತ್ತು ಸಂಗಡಿಗರು ಔಷಧ ಸೋತ ಹನ್ನೊಂದು ಮಂದಿಯ ಕಣಗಳನ್ನು ನೋಡಿದರು. ಮುಚ್ಚಿದ್ದ ತೂಬು ಮತ್ತೆ ತೆರೆದಿತ್ತು. ಆ ಕೈನೇಸೇ ಮತ್ತೆ ಮುದ್ರೆಯೊತ್ತುತ್ತಿತ್ತು. ಮೂವರಲ್ಲಿ ಬೆಸುಗೆಯ ಜೀನಿನ ಪ್ರತಿಗಳೇ ಹೆಚ್ಚಿದ್ದವು; ಔಷಧ ಎಷ್ಟನ್ನೆಂದು ಮುಚ್ಚೀತು? ಅಕ್ಷರವಕ್ಷರವಾಗಿ ಜೀನನ್ನು ಓದಲಾದ ಒಂಬತ್ತು ಮಂದಿಯಲ್ಲಿ ಆರು ಮಂದಿಗೆ ಒಂದೇ ಜಾಗದಲ್ಲಿ ಒಂದೇ ತಪ್ಪು. ಜೀವಕೋಶದ ವರ್ಣಮಾಲೆಯಲ್ಲಿರುವುದು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರ. ಮೂರು ಮೂರು ಅಕ್ಷರಕ್ಕೆ ಒಂದು ಪದ. ಏಬಲ್ ಪ್ರೋಟೀನಿನ ೩೧೫ನೆಯ ಪದ 'ಎಸಿಟಿ' ಎಂದಿರಬೇಕು; ಅದು ಥ್ರಿಯೊನೀನ್. ಈ ಆರು ಮಂದಿಯಲ್ಲಿ ಅದು 'ಎಟಿಟಿ' ಆಗಿತ್ತು, ಅದು ಐಸೊಲ್ಯೂಸೀನ್. ಇದನ್ನು ಟಿ-೩೧೫-ಐ ಎಂದು ಬರೆಯುತ್ತಾರೆ. ಆ ಥ್ರಿಯೊನೀನ್ ಗೂಡಿನ ಬಾಗಿಲಲ್ಲಿ ನಿಂತು ಇಮಾಟಿನಿಬ್‌ನ ಕೈ ಹಿಡಿದು ಒಳಗೆ ಕೂರಿಸುತ್ತಿತ್ತು. ವಿಜ್ಞಾನಿಗಳೇ ಅದನ್ನು ದ್ವಾರಪಾಲಕನೆಂದು ಕರೆದಿದ್ದಾರೆ. ಅದರ ಜಾಗಕ್ಕೆ ಬಂದ ಐಸೊಲ್ಯೂಸೀನ್ ಕೈಯನ್ನೂ ಕೊಡದು. ಮೈ ದಪ್ಪವಾದ್ದರಿಂದ ದಾರಿಯನ್ನೂ ಬಿಡದು. ಎ.ಟಿ.ಪಿ.ಗೆ ಮಾತ್ರ ಅದರಿಂದ ತೊಂದರೆಯಿಲ್ಲ. 'ಬಾಳು' ಎಂಬಲ್ಲಿ ಮೊದಲ ಅಕ್ಷರ ತಪ್ಪಿ 'ಹಾಳು' ಆದರೆ ಏನಾದೀತೋ ಅಷ್ಟು ಅಂತರ.

೨೦೦೧ರ ಬೇಸಗೆಯಲ್ಲಿ, ಗ್ಲಿವೆಕ್ ಅಂಗಡಿಗೆ ಬಂದ ಕೆಲವೇ ವಾರಗಳಲ್ಲಿ, ಈ ವರದಿ ಹೊರಬಿದ್ದಿತು. ಪತ್ರಿಕೆಗಳು ಇದನ್ನು ಸೋಲಿನ ಸುದ್ದಿಯಾಗಿ ಓದಿರಬಹುದು. ನನಗೆ ಹಾಗೆ ಕಾಣುವುದಿಲ್ಲ. ಔಷಧದಿಂದ ಪಾರಾಗಲು ರೋಗ ಆ ಒಂದು ಪ್ರೋಟೀನನ್ನೇ ತಿದ್ದಿಕೊಳ್ಳಬೇಕಾಯಿತೆಂದರೆ, ಅದನ್ನು ಬಿಟ್ಟು ಬದುಕಲು ಅದಕ್ಕೆ ಬರುವುದಿಲ್ಲವೆಂದಾಯಿತು. ಫಿಲಡೆಲ್ಫಿಯದಿಂದ ಬಾಸೆಲ್‌ವರೆಗೆ ನಲವತ್ತು ವರ್ಷ ಕೂಡಿಸಿದ ಸಾಕ್ಷ್ಯಗಳೆಲ್ಲಕ್ಕಿಂತ ಬಲವಾದ ಸಾಕ್ಷ್ಯವನ್ನು ರೋಗ ತಾನಾಗಿಯೇ ಬರೆದುಕೊಟ್ಟಿತ್ತು. ನಮ್ಮ ಶಾಸ್ತ್ರದಲ್ಲಿಯೂ ಪ್ರತಿಗಳ ವಂಶವೃಕ್ಷವನ್ನು ಗುರುತಿಸುವುದು ಶುದ್ಧ ಪಾಠಗಳಿಂದಲ್ಲ, ಸಮಾನವಾದ ತಪ್ಪುಗಳಿಂದ.

ಈ ತಪ್ಪನ್ನು ಔಷಧವೇ ಉಂಟುಮಾಡಿತೆ? ಇಲ್ಲ. ಸೂಕ್ಷ್ಮಜೀವಿಗಳ ವಿಷಯದಲ್ಲಿ ಲೂರಿಯ ಮತ್ತು ಡೆಲ್‌ಬ್ರುಕ್ ೧೯೪೩ರಲ್ಲಿಯೇ ತೋರಿಸಿದ್ದಂತೆ, ಎದುರಿಸಿ ನಿಲ್ಲುವವು ಶತ್ರು ಬರುವ ಮೊದಲೇ ಗುಂಪಿನಲ್ಲಿರುತ್ತವೆ. ಕೋಟಿಗಟ್ಟಲೆ ಕಣಗಳು ಪ್ರತಿಯಾಗುವಾಗ ಲಿಪಿಕಾರ ಎಲ್ಲೋ ಒಂದೆಡೆ ಎಡವಿಯೇ ಇರುತ್ತಾನೆ. ಔಷಧ ಶುದ್ಧಪ್ರತಿಗಳನ್ನೆಲ್ಲ ಸುಟ್ಟುಹಾಕಿದ ಮೇಲೆ ಆ ತಪ್ಪಿನ ಪ್ರತಿಯೊಂದು ಉಳಿದು ಅದೇ ಗ್ರಂಥವಾಗುತ್ತದೆ. ಕೆಲವು ರೋಗಿಗಳಲ್ಲಿ ಮೊದಲ ಗುಳಿಗೆ ನುಂಗುವ ಮೊದಲೇ ೩೧೫ರ ತಪ್ಪು ಇದ್ದುದನ್ನು ಆಮೇಲೆ ಕಂಡುಕೊಂಡರು.

ಇದನ್ನೆಲ್ಲ ಮುಂಚಿತವಾಗಿ ಹೇಳಿದವನು ಯಾರು? ಅದೇ ಪೀಟರ್ ನೋವೆಲ್, ನಲ್ಲಿಯ ನೀರಿನವನು. ೧೯೭೬ರಲ್ಲಿ ಅವನು ಬರೆದ ಒಂದು ಪ್ರಬಂಧದಲ್ಲಿ, ಕ್ಯಾನ್ಸರ್ ಒಂದೇ ಕಣದಿಂದ ಹುಟ್ಟಿ ಕವಲೊಡೆಯುತ್ತ ಬೆಳೆಯುವ ವಂಶವೆಂದೂ, ಮುಂದೆ ಒಬ್ಬೊಬ್ಬ ರೋಗಿಗೂ ಅವನ ರೋಗಕ್ಕೆ ತಕ್ಕ ವಿಶೇಷ ಚಿಕಿತ್ಸೆ ಬೇಕಾಗಬಹುದೆಂದೂ, ಆ ಚಿಕಿತ್ಸೆಯನ್ನು ಕೂಡ ಹೊಸ ಕವಲೊಂದು ಎದುರಿಸಿ ವಿಫಲಗೊಳಿಸಬಹುದೆಂದೂ ಹೇಳಿದ್ದಾನೆ. ಗುರಿಯಿಟ್ಟ ಗುಳಿಗೆ ಹುಟ್ಟುವುದಕ್ಕೆ ಇಪ್ಪತ್ತೈದು ವರ್ಷ ಮೊದಲು ಅದರ ಸೋಲನ್ನು ಬರೆದಿಟ್ಟವನು, ಆ ಗುರಿಯನ್ನು ಮೊದಲು ಕಂಡವರಲ್ಲೊಬ್ಬನೇ. ಹಂಗರ್‌ಫರ್ಡ್ ೧೯೯೩ರಲ್ಲಿ ತೀರಿಕೊಂಡನು, ತಾನು ಕಂಡ ತಂತುವಿನಿಂದ ಬಂದ ಗುಳಿಗೆಯನ್ನು ನೋಡದೆ. ನೋವೆಲ್ ೨೦೧೬ರವರೆಗೆ ಇದ್ದು ಗೆಲವನ್ನೂ ಸೋಲನ್ನೂ ಕಂಡನು.

ಆಮೇಲಿನದನ್ನು ಬೇಗ ಹೇಳಬಹುದು. ೨೦೦೬ರಲ್ಲಿ ಡಾಸಾಟಿನಿಬ್, ೨೦೦೭ರಲ್ಲಿ ನಿಲೋಟಿನಿಬ್ ಬಂದುವು. ಇಮಾಟಿನಿಬ್ಬನ್ನು ಸೋಲಿಸಿದ ಐವತ್ತಕ್ಕೂ ಹೆಚ್ಚು ತಪ್ಪುಗಳಲ್ಲಿ ಬಹುಪಾಲನ್ನು ಇವು ಗೆದ್ದುವು, ೩೧೫ನ್ನು ಗೆಲ್ಲಲಿಲ್ಲ. ೨೦೧೨ರಲ್ಲಿ ಬಂದ ಪೊನಾಟಿನಿಬ್‌ಗೆ ಐಸೊಲ್ಯೂಸೀನಿನ ಪಕ್ಕದಲ್ಲಿ ನುಸುಳುವಂಥ ಸಪೂರವಾದ ನಡು. ಅದು ೩೧೫ನ್ನು ಗೆದ್ದಿತು, ಆದರೆ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿಸಿತು. ೨೦೧೩ರಲ್ಲಿ ಅಮೆರಿಕದಲ್ಲಿ ಮಾರಾಟವನ್ನೇ ಕೆಲವು ತಿಂಗಳು ನಿಲ್ಲಿಸಿ, ಕಟ್ಟುಪಾಡುಗಳೊಡನೆ ಮತ್ತೆ ಬಿಟ್ಟರು. ೨೦೨೧ರಲ್ಲಿ ಬಂದ ಅಸಿಮಿನಿಬ್ ಆ ಬಾಗಿಲಿನ ಗೊಡವೆಗೇ ಹೋಗದೆ, ಕಿಣ್ವದ ಹಿಂಬದಿಯ ಇನ್ನೊಂದು ಗೂಡಿನಲ್ಲಿ ಕುಳಿತು ತೂಬನ್ನು ಮುಚ್ಚುತ್ತದೆ. ಅದನ್ನೂ ತಪ್ಪಿಸಿಕೊಳ್ಳುವ ಅಕ್ಷರಗಳು ಆಗಲೇ ಕಂಡಿವೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿಯೂ ಇದೇ ನಾಟಕ ನಡೆಯಿತು: ಅಲ್ಲಿಯ ಕೈನೇಸೇ ಬೇರೆ, ಔಷಧವೇ ಬೇರೆ, ಆದರೆ ೨೦೦೫ರಲ್ಲಿ ಸಿಕ್ಕ ತಪ್ಪು ಅದೇ ದ್ವಾರಪಾಲಕನ ಜಾಗದ ಥ್ರಿಯೊನೀನ್ ಬದಲಾದದ್ದು.

ನಮ್ಮ ದೇಶದ ಮಾತು ಬಂದಾಗ ಇನ್ನೊಂದು ಬಗೆಯ ದ್ವಾರಪಾಲಕನೂ ಇದ್ದಾನೆ. ಆತನ ಹೆಸರು ಬೆಲೆ. ಆಗ ಗ್ಲಿವೆಕ್ ತಿಂಗಳಿಗೆ ಸುಮಾರು ೧ ಲಕ್ಷ ೨೦ ಸಾವಿರ ರೂಪಾಯಿ ಆಗಿತ್ತು. ನಮ್ಮ ಕಂಪನಿಗಳು ಮಾಡಿದ ಅದೇ ಔಷಧ ಸುಮಾರು ೮ ಸಾವಿರವಿತ್ತು. ನೊವಾರ್ಟಿಸ್ ಅನೇಕ ರೋಗಿಗಳಿಗೆ ಉಚಿತವಾಗಿ ಕೊಡುತ್ತಿತ್ತೆಂಬುದನ್ನೂ ಹೇಳಬೇಕು. ಅಣುವಿನ ಹೊಸ ಸ್ಫಟಿಕರೂಪಕ್ಕೆ ಪೇಟೆಂಟ್ ಬೇಕೆಂದು ಅದು ಕೇಳಿದಾಗ ಚೆನ್ನೈನ ಪೇಟೆಂಟ್ ಕಚೇರಿ ೨೦೦೬ರಲ್ಲಿ ನಿರಾಕರಿಸಿತು. ಹಳೆಯ ವಸ್ತುವಿನ ಹೊಸ ರೂಪಕ್ಕೆ, ಅದರಿಂದ ರೋಗ ಗುಣವಾಗುವ ಶಕ್ತಿ ಹೆಚ್ಚಿದ ಹೊರತು, ಪೇಟೆಂಟ್ ಇಲ್ಲ ಎಂಬ ನಮ್ಮ ಕಾಯಿದೆಯ ಕಲಮನ್ನು ಎತ್ತಿ ಹಿಡಿದು ಸುಪ್ರೀಂ ಕೋರ್ಟು ೨೦೧೩ರ ಏಪ್ರಿಲ್ ೧ರಂದು ಆ ನಿರಾಕರಣೆಯನ್ನು ಸ್ಥಿರಪಡಿಸಿತು. ನಾಲ್ಕು ವರ್ಷಗಳ ಮೇಲೆ ಭಾವನವರ ಪಿಂಚಣಿಯಲ್ಲಿ ಆ ಗುಳಿಗೆಯನ್ನು ಕೊಳ್ಳಲಾದದ್ದು ಈ ತೀರ್ಪಿನ ದೆಸೆಯಿಂದ.

ಮೂರು ವಾರ ಕಳೆಯಿತು. ವರದಿ ಒಂದು ಸಂಜೆ ನನ್ನ ಫೋನಿಗೆ ಬಂದಿತು. ನಾನು ಬಸ್ಸಿನಲ್ಲಿ ನಿಂತಿದ್ದೆ. ಸಣ್ಣ ಅಕ್ಷರ, ಅಲುಗುವ ಬಸ್ಸು. ೩೧೫ ಎಂದು ಓದಿದೆ. ಪಕ್ಕದಲ್ಲಿ ಟಿ ಎಂಬ ಅಕ್ಷರವೂ ಇತ್ತು. ಮುಂದಿನ ನಿಲ್ದಾಣದಲ್ಲಿ ಸುಮ್ಮನೆ ಇಳಿದುಬಿಟ್ಟೆ. ಅಕ್ಕ ಎರಡು ಸಲ ಫೋನು ಮಾಡಿದಳು. ವರದಿ ಇನ್ನೂ ಬಂದಿಲ್ಲವೆಂದು ಸುಳ್ಳು ಹೇಳಿದೆ. ಬೆಳಗಾಗುವವರೆಗೆ ಪೊನಾಟಿನಿಬ್ ಎಲ್ಲಿ ಸಿಗುತ್ತದೆ, ಏನು ಬೆಲೆ ಎಂದು ಹುಡುಕುತ್ತ ಕುಳಿತೆ. ಮರುದಿನ ಕಾಗದವನ್ನು ಅಚ್ಚು ಮಾಡಿಸಿ ಡಾಕ್ಟರ ಮುಂದಿಟ್ಟಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ, "ಮೇಷ್ಟ್ರೇ, ಇದು ೩೧೫ ಅಲ್ಲ, ೩೫೧. ಎಂ-೩೫೧-ಟಿ. ಅಲ್ಲಿ ಸಿ ಹೋಗಿ ಟಿ ಬರುತ್ತದೆ; ಇಲ್ಲಿ ಟಿ ಹೋಗಿ ಸಿ ಬಂದಿದೆ. ಇದಕ್ಕೆ ಡಾಸಾಟಿನಿಬ್ ನಡೆಯುತ್ತದೆ" ಎಂದರು.

ಹೆದರಿದ ಕಣ್ಣು ತಾನು ಹೆದರಿದ್ದನ್ನೇ ಓದುತ್ತದೆ. ಲಿಪಿಕಾರರ ತಪ್ಪುಗಳಲ್ಲಿ ಈ ಜಾತಿಯದೂ ಒಂದೆಂದು ಪ್ರತಿವರ್ಷ ಮಕ್ಕಳಿಗೆ ಪಾಠ ಹೇಳುವವನು ನಾನು.

ಭಾವನವರಿಗೆ ಹೇಳಿದೆ. "ಎಷ್ಟು ವರ್ಷವಯ್ಯ ನೀನು ಪಾಠ ಪರಿಷ್ಕರಣ ಮಾಡುತ್ತಿರುವುದು?" ಎಂದು ನಕ್ಕರು. ಹೊಸ ಗುಳಿಗೆ ಶುರುವಾಗಿ ವರ್ಷಗಳಾದುವು, ಲೆಕ್ಕ ಸರಿಯಾಗಿದೆ. ಮೂರು ತಿಂಗಳಿಗೊಮ್ಮೆ ವರದಿ ಬರುತ್ತದೆ. ಅಕ್ಕ ಅದನ್ನು ಮೊದಲು ಮಗನ ಕೈಯಲ್ಲಿ ಓದಿಸಿ, ಆಮೇಲೆ ನನಗೆ ಕಳುಹಿಸುತ್ತಾಳೆ.